ಹಾಸನದಲ್ಲಿ ಎರಡು ದಿನದ ಸಮ್ಮೇಳನ: ಪನೀರ್ ತಪ್ಪಿಸಿಕೊಂಡು ಊರಿನ ಊಟ ಮಾಡುವುದು ಹೇಗೆ?

ರೊಟ್ಟಿಬುತ್ತಿ, ವಿಜಯಪುರ

ಜುಲೈ ಎರಡನೆಯ ವಾರ ಹಾಸನದಲ್ಲಿ ಗ್ರಂಥಪಾಲಕರ ಸಮ್ಮೇಳನವಿದೆ, ಹೋಗುತ್ತಿದ್ದೇನೆ. ಹಾಸನ, ಸಕಲೇಶಪುರ ಕಡೆಯವರು ಊಟದ ವಿಷಯದಲ್ಲಿ ದಾರಿ ತೋರಿಸಬೇಕು. ಬೇಲೂರು, ಹಳೇಬೀಡು ಎರಡನ್ನೂ ನೋಡಿದ್ದೇನೆ. ಕಲ್ಲಿನ ವಿಷಯ ಯಾರೂ ಹೇಳುವುದು ಬೇಡ, ಅನ್ನದ ವಿಷಯ ಹೇಳಿ.

ಮೊದಲು ನನ್ನ ಸಂಕಟ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹನ್ನೊಂದು ಸಮ್ಮೇಳನಗಳಿಗೆ ಹೋಗಿದ್ದೇನೆ. ಹನ್ನೊಂದರಲ್ಲೂ ಒಂದೇ ಊಟ. ಸ್ಟೀಲ್ ಪಾತ್ರೆಗಳ ಸಾಲು, ಕೆಳಗೆ ಸಣ್ಣ ನೀಲಿ ಉರಿ, ಮುಚ್ಚಳ ಎತ್ತಿದರೆ ಕೆಂಪು ಗ್ರೇವಿಯಲ್ಲಿ ಮುಳುಗಿದ ಪನೀರ್. ಪಕ್ಕದಲ್ಲಿ ಜೀರಾ ರೈಸ್, ಗೋಬಿ ಮಂಚೂರಿ, ಎಳೆದರೂ ಹರಿಯದ ಮೈದಾ ರೊಟ್ಟಿ, ಕೊನೆಗೆ ಜಾಮೂನು. ಮೂರು ವರ್ಷದ ಹಿಂದೆ ಕರಾವಳಿಯ ಊರೊಂದರಲ್ಲಿ ಮೂರು ದಿನ ಇದ್ದೆ. ರಾತ್ರಿ ಕಿಟಕಿ ತೆರೆದರೆ ಸಮುದ್ರದ ಸಪ್ಪಳ ಕೇಳಿಸುತ್ತಿತ್ತು, ಹಗಲು ತಟ್ಟೆಯಲ್ಲಿ ಅದೇ ಪನೀರ್. ಮನೆಗೆ ಬಂದಾಗ ನಮ್ಮ ಅತ್ತೆ, 'ಅಲ್ಲಿಯ ಜನ ಏನು ಉಣ್ಣುತ್ತಾರೆ? ನೀನು ಏನು ಉಂಡೆ?' ಎಂದು ಕೇಳಿದರು. ಹೇಳಲು ನಾಚಿಕೆಯಾಯಿತು. ಹೋದ ಊರು ಯಾವುದೆಂದು ನನ್ನ ನಾಲಿಗೆಗೆ ಗೊತ್ತೇ ಆಗಿರಲಿಲ್ಲ.

ನಮ್ಮಲ್ಲಿ ಈ ತೊಂದರೆ ಇಲ್ಲ. ವಿಜಯಪುರಕ್ಕೆ ಯಾರೇ ಬರಲಿ, ಒಂದು ಖಾನಾವಳಿ ಹೊಕ್ಕರೆ ನಾವು ಮನೆಯಲ್ಲಿ ಉಣ್ಣುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಟ್ಟೆಗೆ ಬೀಳುತ್ತದೆ. ಹಾಸನದಲ್ಲಿ ಖಾನಾವಳಿಗೆ ಸಮನಾದದ್ದು ಯಾವುದು? ಅದು ನನ್ನ ಮುಖ್ಯ ಪ್ರಶ್ನೆ.

ನನ್ನ ಇಕ್ಕಟ್ಟುಗಳು: ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಸ್ವಂತ ವಾಹನವಿಲ್ಲ. ಗೋಷ್ಠಿಗಳು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆವರೆಗೆ. ಎರಡನೆಯ ದಿನ ಹನ್ನೊಂದಕ್ಕೆ ನನ್ನ ಪ್ರಬಂಧವಿದೆ (ಹಳೆಯ ಪುಸ್ತಕಗಳ ಬೆನ್ನು ಅಂಟಿಸುವ ಗೋಂದಿನ ಬಗ್ಗೆ, ಮೈದಾ ಗೋಂದು ಹಚ್ಚಿದರೆ ಬೆಳ್ಳಿಹುಳು ಹಬ್ಬ ಮಾಡುತ್ತದೆ ಎಂಬುದು ಅದರ ಸಾರ. ಹುಳುಗಳಿಗೂ ಸಮ್ಮೇಳನದ ಊಟವೇ ಇಷ್ಟ). ಮೂರನೆಯ ದಿನ ಸಂಜೆಯವರೆಗೆ ಬಿಡುವು. ಮಂಗಳೂರಿಗೆ ಹೋಗುವ ನಮ್ಮೂರ ರೈಲಿನಲ್ಲೇ ಬರುತ್ತೇನೆ, ಅದು ಇನ್ನೂ ಕತ್ತಲಿರುವಾಗಲೇ ಹಾಸನದಲ್ಲಿ ಇಳಿಸುತ್ತದೆ. ಕೋಣೆ ಬಸ್ ನಿಲ್ದಾಣದ ಹತ್ತಿರ.

ಹೇಮಾವತಿ ದಂಡೆ, ಸಕಲೇಶಪುರ

ಅಕ್ಕ, ನಮ್ಮ ಜಿಲ್ಲೆಯಲ್ಲಿ ಎರಡು ಅಡುಗೆಮನೆಗಳಿವೆ. ಪಶ್ಚಿಮಕ್ಕೆ ಆಲೂರು, ಸಕಲೇಶಪುರ: ಮಳೆ, ಗದ್ದೆ, ಕಾಫಿ ತೋಟ, ಅಲ್ಲಿ ಅಕ್ಕಿಯದೇ ರಾಜ್ಯ. ಪೂರ್ವಕ್ಕೆ ಚನ್ನರಾಯಪಟ್ಟಣ, ಅರಸೀಕೆರೆ: ರಾಗಿ, ಹುರುಳಿ, ತೆಂಗು, ಅಲ್ಲಿ ಮುದ್ದೆ. ಹಾಸನ ಪಟ್ಟಣ ಇವೆರಡರ ನಡುವಿನ ಹೊಸ್ತಿಲ ಮೇಲೆ ಕುಳಿತಿದೆ. ಹೊಸ್ತಿಲ ಮೇಲೆ ಕುಳಿತವರಿಗೆ ಊಟ ಸರಿಯಾಗಿ ಬಡಿಸುವವರು ಯಾರು?

ಖಾನಾವಳಿಗೆ ಸಮನಾದದ್ದು ಇಲ್ಲಿಲ್ಲ. ನಮ್ಮ ಕಡೆ ದುಡ್ಡು ಕೊಟ್ಟು ಹೊರಗೆ ತಿನ್ನುವ ಅಭ್ಯಾಸವನ್ನು ಬೆಳೆಸಿದ್ದು ಉಡುಪಿ ಹೋಟೆಲ್‌ಗಳು. ಹಾಗಾಗಿ ಹೋಟೆಲ್ ಎಂದರೆ ಇಡ್ಲಿ, ದೋಸೆ, ಪೂರಿ. ಕಡುಬು ಮನೆಯಲ್ಲೇ ಉಳಿಯಿತು. ನೆಂಟರು ಬಂದರೆ ಮಾಡುವುದನ್ನು ಮಾರುವುದು ಏಕೆ ಎಂಬ ಬಿಗುಮಾನವೂ ಇದ್ದಿರಬಹುದು. ಈಚೆಗೆ ಹೋಂಸ್ಟೇಗಳು ಬಂದ ಮೇಲೆ ಅದು ಹೊರಗೆ ಕಾಲಿಟ್ಟಿದೆ, ಆದರೆ ಮುನ್ನಾದಿನ ಫೋನ್ ಮಾಡಿ ಹೇಳಬೇಕು. ಹೇಳದೆ ಹೋದರೆ ನಿಮಗೂ ಪನೀರ್ ಮಾಡುತ್ತಾರೆ, ಎಚ್ಚರ.

ಕಡುಬು ಎಂದರೆ ನಿಮ್ಮ ಕಡೆಯ ಹೂರಣದ ಕಡುಬಲ್ಲ. ಅಕ್ಕಿ ತರಿಯನ್ನು ಉಪ್ಪು ಹಾಕಿದ ಕುದಿನೀರಿಗೆ ಸುರಿದು, ತಿರುವಿ, ಗಟ್ಟಿಯಾದ ಮೇಲೆ ಕೈ ಸುಡುತ್ತಿರುವಾಗಲೇ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಬಿಸಿಯಿರುವಾಗ ಮುರಿದು, ಕುಳಿ ಮಾಡಿ, ತುಪ್ಪ ಬಿಟ್ಟು, ಕಾಯಿ ಚಟ್ನಿಯ ಜೊತೆ ತಿನ್ನಬೇಕು. ಮಾಂಸ ತಿನ್ನುವ ಮನೆಗಳಲ್ಲಿ ಅದಕ್ಕೆ ನಾಟಿಕೋಳಿ ಸಾರು, ಮಳೆಗಾಲದಲ್ಲಿ ಗದ್ದೆಯ ಏಡಿ ಸಾರು. ನಿಮಗೆ ಅದು ಬೇಡ, ಬಿಡಿ. ಜುಲೈ ಎಂದರೆ ಕಳಲೆಯ ಕಾಲ, ಅದೇ ಸಾಕು. ಎಳೆ ಬಿದಿರಿನ ಮೊಳಕೆ. ತೆಳುವಾಗಿ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಬೇಕು. ಹಸಿಯದರಲ್ಲಿ ಸಯನೈಡ್ ಹುಟ್ಟಿಸುವ ವಿಷವಿದೆ. ಆದ್ದರಿಂದ 'ಈಗ ತಂದು ಈಗ ಮಾಡಿದ್ದು' ಎಂದು ಯಾರಾದರೂ ಹೆಮ್ಮೆಯಿಂದ ಬಡಿಸಿದರೆ ಎದ್ದು ಬನ್ನಿ. ಮೀಸಲು ಅರಣ್ಯದಿಂದ ಕಡಿದು ತರುವುದು ಅಪರಾಧ ಕೂಡ. ಹಿತ್ತಲ ಬಿದಿರು ಇರುವ ಮನೆಯದಾದರೆ ನಿಶ್ಚಿಂತೆಯಿಂದ ತಿನ್ನಿ. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ ಬೆಳೆಯುವ ಮರಕೆಸುವಿನ ಪತ್ರೊಡೆಯನ್ನೂ ಕೇಳಿ ನೋಡಿ. ಕೆಸುವಿನ ತುರಿಕೆ ಹೋಗಲು ಹುಳಿ ಚೆನ್ನಾಗಿ ಬಿದ್ದಿರಬೇಕು.

ಇನ್ನು ಹೊತ್ತು. ಕಡುಬು ಬೆಳಗಿನದು. ಎಂಟಕ್ಕೆ ಇಳಿಸಿದರೆ ಹತ್ತಕ್ಕೆ ಪಾತ್ರೆ ಖಾಲಿ. ಮೂರನೆಯ ದಿನ ಹಾಸನದಿಂದ ಬೆಳಗಿನ ಮೊದಲ ಬಸ್ ಹಿಡಿಯಿರಿ. ನಲವತ್ತು ಕಿಲೋಮೀಟರ್, ಒಂದು ಗಂಟೆಯ ದಾರಿ. ಮಳೆ ಜೋರಾಗಿದ್ದರೆ ಒಂದೂವರೆ ಗಂಟೆ ಎಂದುಕೊಳ್ಳಿ. ಮೊದಲೇ ತಿಳಿಸಿದರೆ ಸಾಕು, ಬೆಳಗಿನ ಹೊತ್ತು ನನಗೆ ಗೊತ್ತಿರುವ ಒಂದು ಮನೆ ಮೆಸ್‌ನಲ್ಲಿ ಹೇಳಿಡುತ್ತೇನೆ.

ಎರಡನೇ ಕ್ರಾಸ್, ಹಾಸನ

ಹುಟ್ಟಿದ್ದು, ಬೆಳೆದದ್ದು ಹಾಸನ ಪೇಟೆಯಲ್ಲೇ. ನಮಗೆ ಊರಿನ ಊಟವೇ ಇಲ್ಲ ಎನ್ನುವಂತೆ ಮೇಲಿನವರು ಬರೆದಿದ್ದಾರೆ. ಮಸಾಲೆ ದೋಸೆ ನಮ್ಮದಲ್ಲವೇ? ಅದರೊಳಗಿನ ಆಲೂಗಡ್ಡೆ ಎಲ್ಲಿಯದು? ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಬಂದು ನೋಡಿ: ಜಲಂಧರದಿಂದ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಬಂದು ಬೀಳುತ್ತದೆ, ರೈತರು ಮಳೆಗೆ ಮುಖ ಮಾಡಿ ಬಿತ್ತುತ್ತಾರೆ. ಅಂಗಮಾರಿ ರೋಗ ಬಿದ್ದು ಬಿದ್ದು ಈಗ ಬೆಳೆಯುವವರೂ ಕಡಿಮೆಯಾದರು, ಅದು ಬೇರೆ ದುಃಖ. ಬೆಳಿಗ್ಗೆ ಏಳಕ್ಕೆ ಯಾವ ಹೋಟೆಲ್ ಮುಂದೆ ಬೈಕ್‌ಗಳು ನಿಂತಿವೆಯೋ ಅದರೊಳಗೆ ಹೋಗಿ, ಮಸಾಲೆ ದೋಸೆ ತಿಂದು, ಸಮ್ಮೇಳನಕ್ಕೆ ಹೊತ್ತಿಗೆ ಸರಿಯಾಗಿ ಹೋಗಿ. ಕಡುಬಿಗೆ ನಲವತ್ತು ಕಿಲೋಮೀಟರ್ ಹೋಗುವವರಿಗೆ ನಮಸ್ಕಾರ.

ಹಿಂಬದಿಯ ಒಲೆ, ಹಾಸನ

ಮೇಡಂ, ನೀವು ಬೈದ ಪನೀರ್ ಮಾಡುವವನು ನಾನೇ ಎಂದುಕೊಳ್ಳಿ. ಮದುವೆ, ಗೃಹಪ್ರವೇಶ, ಸಮ್ಮೇಳನಗಳ ಅಡುಗೆ ಗುತ್ತಿಗೆ ನನ್ನ ಕಸುಬು. ನಮ್ಮ ಕಡೆಯ ಮಾತನ್ನೂ ಕೇಳಿ.

ಸಂಘಟಕರು ಊಟದ ಪಟ್ಟಿ ಬರೆಸಲು ಕುಳಿತರೆ ಮೊದಲು ಹೇಳುವುದು, 'ಹೊರಗಿನಿಂದ ದೊಡ್ಡವರು ಬರುತ್ತಾರೆ, ಎಲ್ಲರಿಗೂ ಒಗ್ಗುವಂಥದ್ದು ಮಾಡಿ' ಎಂದು. ಎಲ್ಲರಿಗೂ ಒಗ್ಗುವುದು ಎಂದರೆ ಪನೀರ್. ನಾನು ಹುರುಳಿಕಾಳು ಸಾರು, ಮೆಂತ್ಯದ ಗೊಜ್ಜು ಎಂದು ಬಾಯಿ ತೆರೆದರೆ, 'ಅದು ಮನೆಯಲ್ಲಿ ಇದ್ದೇ ಇದೆಯಲ್ಲ' ಎನ್ನುತ್ತಾರೆ. ಇದ್ದೇ ಇರುವುದು ಅವರ ಮನೆಯಲ್ಲಿ, ವಿಜಯಪುರದವರ ಮನೆಯಲ್ಲಿ ಅಲ್ಲ. ಅದನ್ನು ಹೇಳಿದರೆ ಗುತ್ತಿಗೆ ಬೇರೆಯವನಿಗೆ. 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಎಂದು ಸರ್ಕಾರ ಆದೇಶಿಸಿತಲ್ಲ, ಅದಾದ ಮೇಲೆ ಅದರ ಕೆಂಪು ಹೋಯಿತು, ಬೇಡಿಕೆ ಹೋಗಲಿಲ್ಲ.

ಅಕ್ಕಿ ರೊಟ್ಟಿ ಏಕೆ ಮಾಡುವುದಿಲ್ಲ ಎನ್ನುವವರು ಒಮ್ಮೆ ಲೆಕ್ಕ ಹಾಕಲಿ. ಮುನ್ನೂರು ಜನ, ತಲೆಗೆ ಎರಡು ಎಂದರೂ ಆರುನೂರು ರೊಟ್ಟಿ. ಒಂದಕ್ಕೆ ಕಾವಲಿಯ ಮೇಲೆ ಎರಡು ನಿಮಿಷ ಹಿಡಿದರೆ ಇಪ್ಪತ್ತು ಗಂಟೆ. ಹತ್ತು ಕಾವಲಿ ಇಟ್ಟರೆ ಎರಡು ಗಂಟೆ, ತಟ್ಟಲು ಹತ್ತು ಜನ, ಬೇಯಿಸಲು ಹತ್ತು ಜನ. ಕೊನೆಯದು ಬೇಯುವ ಹೊತ್ತಿಗೆ ಮೊದಲು ಬೆಂದದ್ದು ಚಪ್ಪಲಿಯ ಅಟ್ಟೆಯಾಗಿರುತ್ತದೆ. ಕಡುಬು ಆರಿದರೆ ಕಲ್ಲು. ಮುದ್ದೆ ಒಂದೇ ನಮ್ಮ ಕೈ ಹಿಡಿಯುವುದು. ಇಬ್ಬರು ನಿಂತು ಕೋಲಿನಲ್ಲಿ ತಿರುವಿದರೆ ನೂರು ಜನಕ್ಕಾಗುತ್ತದೆ, ಮುಚ್ಚಿಟ್ಟರೆ ಒಂದು ಗಂಟೆ ಬಿಸಿಯಾಗಿಯೂ ಇರುತ್ತದೆ. ಆದರೆ ಅದನ್ನು ನಿಂತು ತಿನ್ನಲಾಗದು. ಎಡಗೈಯಲ್ಲಿ ತಟ್ಟೆ, ಕತ್ತಿನಲ್ಲಿ ಗುರುತಿನ ಚೀಟಿ, ಬಗಲಲ್ಲಿ ಸಮ್ಮೇಳನದ ಚೀಲ. ಸಾರಿನಲ್ಲಿ ಮುದ್ದೆ ಹೊರಳಿಸುವುದು ಹೇಗೆ? ಪಂಕ್ತಿಯಲ್ಲಿ ಕೂರಿಸಿ ಬಡಿಸುವುದು ಹೋಯಿತು, ಅದರ ಜೊತೆ ಮುದ್ದೆಯೂ ಹೋಯಿತು.

ಆದರೆ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಹುಡುಗರು ಪನೀರ್ ತಿನ್ನುವುದಿಲ್ಲ. ಬೆಳಗ್ಗಿನಿಂದ ಅದರ ವಾಸನೆ ಕುಡಿದವರಿಗೆ ಅದು ಇಳಿಯುವುದಿಲ್ಲ. ಅವರಿಗಾಗಿ ಹಿಂದೆ ಬೇರೆ ಒಲೆ ಉರಿಯುತ್ತಿರುತ್ತದೆ. ಎರಡೂವರೆಯ ಮೇಲೆ, ಬಡಿಸುವ ಗಲಾಟೆ ಮುಗಿದ ಮೇಲೆ ಹಿಂದಕ್ಕೆ ಹೋಗಿ ಕೇಳಿ. ಅನ್ನ ಕೇಳಿದವರಿಗೆ ಇಲ್ಲ ಎನ್ನುವ ಅಡುಗೆಯವನನ್ನು ನಾನು ಇನ್ನೂ ನೋಡಿಲ್ಲ.

ರೊಟ್ಟಿಬುತ್ತಿ, ವಿಜಯಪುರ

ಹಿಂಬದಿಯ ಒಲೆಯವರೇ, ನಿಮ್ಮ ಲೆಕ್ಕ ಓದಿದ ಮೇಲೆ ನನ್ನ ಬೈಗುಳದಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದರ್ಧ ಸಂಘಟಕರಿಗೆ. ಎರಡನೇ ಕ್ರಾಸ್ ಅವರೇ, ಮಸಾಲೆ ದೋಸೆ ಖಂಡಿತ ತಿನ್ನುತ್ತೇನೆ, ಕೋಪ ಬೇಡ. ಇಷ್ಟು ಜನ ಬರೆದರೂ ಕಾಫಿಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲವಲ್ಲ? ನಾವು ಚಹಾದ ಜನ. ಮನೆಗೆ ಒಂದಿಷ್ಟು ಪುಡಿ ತರಬೇಕೆಂದಿದ್ದೇನೆ, ಕೇಳುವುದು ಹೇಗೆಂದು ತಿಳಿಯದು.

ಏಳು ಬೀಜ, ಚಿಕ್ಕಮಗಳೂರು

ಕಾಫಿಯ ವಿಷಯ ಹಾಸನದವರನ್ನು ಕೇಳಿದರೆ ಅವರು ಸಕಲೇಶಪುರದತ್ತ ಕೈ ತೋರಿಸುತ್ತಾರೆ, ಸಕಲೇಶಪುರದವರು ಮಳೆಯ ಕಥೆ ಹೇಳುತ್ತಾರೆ. ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಯೆಮನ್‌ನ ಮೋಕಾದಿಂದ ಏಳು ಬೀಜ ತಂದರೆಂಬ ಕಥೆ ನಮ್ಮ ಗಿರಿಯದು, ಆದ್ದರಿಂದ ನಾನು ಹೇಳುತ್ತೇನೆ.

ಪ್ಯಾಕೆಟ್ ಕೊಳ್ಳಬೇಡಿ. ಎದುರಿಗೇ ಬೀಜ ಪುಡಿ ಮಾಡಿಕೊಡುವ ಅಂಗಡಿ ಹಾಸನದಲ್ಲೂ ಇದೆ, ವಾಸನೆ ಹಿಡಿದು ಹೋದರೆ ಸಿಗುತ್ತದೆ. ಅಲ್ಲಿ ಅವರು ಮೊದಲು ಕೇಳುವುದು 'ಚಿಕೋರಿ ಎಷ್ಟು?' ಎಂದು. ಇಲ್ಲಿಯೇ ಹೊಸಬರು ತಡವರಿಸುವುದು. ಚಿಕೋರಿ ಒಂದು ಗಿಡದ ಹುರಿದ ಬೇರು, ಕಾಫಿಯಲ್ಲ; ಬಣ್ಣ, ಮಂದ, ಸ್ವಲ್ಪ ಕಹಿ ಕೊಡುತ್ತದೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂದು ನಿಯಮವಿದೆ, ಅಂದರೆ ಹೆಚ್ಚುಕಡಿಮೆ ಅರ್ಧ ಬೇರು ಕುಡಿದರೂ ಕಾನೂನು ಸುಮ್ಮನಿರುತ್ತದೆ. ನೀವು 'ಎಂಬತ್ತು ಇಪ್ಪತ್ತು' ಎನ್ನಿ. ಅರೇಬಿಕಾ, ರೋಬಸ್ಟಾ ಎರಡನ್ನೂ ಬೆರೆಸಲು ಹೇಳಿ. ಮೊದಲನೆಯದು ಪರಿಮಳಕ್ಕೆ, ಎರಡನೆಯದು ಹಾಲಿಗೆ ಸೋಲದಿರಲು. ಪೀಬೆರಿ ಎಂಬ ಹೆಸರು ಕೇಳಿ ಬೆರಗಾಗಬೇಡಿ: ಹಣ್ಣಿನೊಳಗೆ ಎರಡು ಬೀಜ ಇರಬೇಕಾದಲ್ಲಿ ಒಂದೇ ದುಂಡಗೆ ಬೆಳೆದದ್ದು, ಅಷ್ಟೇ. ಕಾಲು ಕಿಲೋಕ್ಕಿಂತ ಹೆಚ್ಚು ತರಬೇಡಿ, ಪುಡಿಯ ಪರಿಮಳ ಬೇಗ ಹಾರಿಹೋಗುತ್ತದೆ. ಡಿಕಾಕ್ಷನ್ ಅನ್ನು ಮಾತ್ರ ಒಲೆಯ ಮೇಲಿಟ್ಟು ಕುದಿಸಬೇಡಿ, ಕೈ ಮುಗಿಯುತ್ತೇನೆ.

ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ರಾಜ್ಯ ನಮ್ಮದು. ಆದರೂ ನಮ್ಮೂರಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಗುಂಡಿ ಒತ್ತಿದರೆ ನೊರೆ ಉಗುಳುವ ಯಂತ್ರದ ಕಾಫಿ ಕೊಟ್ಟರು. ನಾನು ಗೇಟಿನ ಹೊರಗಿನ ಗೂಡಂಗಡಿಗೆ ಹೋಗಿ ಬೆಲ್ಲದ ಕಾಫಿ ಕುಡಿದು ಬಂದೆ. ತೋಟದ ಕೆಲಸದವರು ಕುಡಿಯುವುದು ಅದನ್ನೇ: ಹಾಲಿಲ್ಲ, ಬೆಲ್ಲ ಹಾಕಿದ ಕಪ್ಪು ನೀರು. ಮಳೆಯಲ್ಲಿ ನೆನೆದು ಬಂದ ದಿನ ಅದನ್ನು ಕುಡಿದು ನೋಡಿ.

ರೊಟ್ಟಿಬುತ್ತಿ, ವಿಜಯಪುರ

ಹೋಗಿ ಬಂದು ಒಂದು ವಾರವಾಯಿತು. ಸಲಹೆ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕು.

ಮೊದಲ ದಿನ ಮಸಾಲೆ ದೋಸೆಯಿಂದಲೇ ಆರಂಭಿಸಿದೆ. ಬೈಕ್‌ಗಳ ಲೆಕ್ಕ ಸರಿಯಾಗಿತ್ತು: ಒಂದು ಹೋಟೆಲ್ ಮುಂದೆ ಎರಡು, ಇನ್ನೊಂದರ ಮುಂದೆ ಹದಿನಾಲ್ಕು. ಹದಿನಾಲ್ಕರ ಹೋಟೆಲ್‌ನಲ್ಲಿ ಕೂರಲು ಜಾಗ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ದೋಸೆ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಮುಂದಿನದು ದೊಡ್ಡದಿದೆ.

ಮಧ್ಯಾಹ್ನ ಮುಚ್ಚಳ ಎತ್ತಿದೆ. ಪನೀರ್. ಹನ್ನೆರಡನೆಯ ಸಮ್ಮೇಳನ, ಹನ್ನೆರಡನೆಯ ಪನೀರ್. ತಟ್ಟೆಗೆ ಸ್ವಲ್ಪ ಮೊಸರನ್ನ ಹಾಕಿಕೊಂಡು ಎರಡೂವರೆಯವರೆಗೆ ಹೊತ್ತು ಕಳೆದು, ಸಭಾಂಗಣದ ಹಿಂದಕ್ಕೆ ಹೋದೆ. ತಗಡಿನ ಸೂರಿನ ಕೆಳಗೆ ಆರೇಳು ಜನ ನೆಲದ ಮೇಲೆ ಸಾಲಾಗಿ ಕುಳಿತಿದ್ದರು. ನಡುವೆ ಅಗಲವಾದ ಪಾತ್ರೆಯಲ್ಲಿ ಮುದ್ದೆ, ಇನ್ನೊಂದರಲ್ಲಿ ಹಲಸಿನ ಬೀಜ ಹಾಕಿದ ಸೊಪ್ಪಿನ ಸಾರು. ಹಿಂಬದಿಯ ಒಲೆಯವರೇ, ಅವರು ನಿಮ್ಮ ಹುಡುಗರಲ್ಲ, ಬೇರೆ ಗುತ್ತಿಗೆದಾರರವರು. ಆದರೂ 'ನನಗೂ ಸ್ವಲ್ಪ ಹಾಕುತ್ತೀರಾ?' ಎಂದ ಕೂಡಲೇ ಒಬ್ಬ ಹುಡುಗ ಜರುಗಿ ಜಾಗ ಕೊಟ್ಟ. ಕತ್ತಿನಲ್ಲಿದ್ದ ಗುರುತಿನ ಚೀಟಿಯನ್ನು ಬೆನ್ನ ಹಿಂದಕ್ಕೆ ತಿರುಗಿಸಿ ಕುಳಿತೆ.

ನನಗೆ ಮುದ್ದೆ ಹೊಸದು. ನಾವು ಖಡಕ್ ರೊಟ್ಟಿ ಮುರಿದು, ಕಟಕಟ ಎಂದು ಅಗಿಯುವವರು. ನಮ್ಮ ಊಟಕ್ಕೆ ಸಪ್ಪಳವಿದೆ. ಇದನ್ನೂ ಅಗಿದೆ. ಹಲ್ಲಿಗೆ, ಅಂಗುಳಿಗೆ, ಎಲ್ಲಿ ಜಾಗವಿತ್ತೋ ಅಲ್ಲಿಗೆಲ್ಲ ಅಂಟಿಕೊಂಡಿತು. ಮೈದಾ ಗೋಂದಿಗಿಂತ ಇದೇ ವಾಸಿ, ಪುಸ್ತಕದ ಬೆನ್ನಿಗೆ ಇದನ್ನೇ ಹಚ್ಚಬಹುದು ಎಂದುಕೊಂಡೆ. ಎದುರಿಗಿದ್ದ ಹಿರಿಯ ಹೆಂಗಸು ನನ್ನ ಬಾಯಿಯನ್ನೇ ನೋಡುತ್ತಿದ್ದರು. 'ಅಗಿಯಬಾರದು ತಾಯಿ, ಜಾರಿಸಬೇಕು' ಎಂದರು. ಆಮೇಲೆ ಕಲಿಸಿದರು: ನೆಲ್ಲಿಕಾಯಿಯಷ್ಟು ಮುರಿಯುವುದು, ಸಾರಿನಲ್ಲಿ ಒಂದು ಸುತ್ತು ಹೊರಳಿಸುವುದು, ನಾಲಿಗೆಯ ಮೇಲಿಟ್ಟು ಗಂಟಲಿಗೆ ಬಿಡುವುದು. ಮೂರನೆಯ ತುತ್ತು ಇಳಿಯಿತು. ಸಾರಿನಲ್ಲಿ ಬೆಂದ ಹಲಸಿನ ಬೀಜ ಮಾತ್ರ ಅಗಿಯಲು ಸಿಕ್ಕಿತು, ನನ್ನ ಹಲ್ಲುಗಳ ಮಾನ ಉಳಿಯಿತು. ಒಂದು ಮುದ್ದೆ ಮುಗಿಸಿ ಗೋಷ್ಠಿಗೆ ಹೋದವಳು ಡಿಜಿಟಲೀಕರಣದ ಕುರಿತ ಉಪನ್ಯಾಸದಲ್ಲಿ ಮುಕ್ಕಾಲು ಗಂಟೆ ನಿದ್ದೆ ಮಾಡಿದೆ. ಪಕ್ಕದವರು ಹೇಳಿದ್ದರಿಂದ ಗೊತ್ತಾಯಿತು.

ಎರಡನೆಯ ದಿನ ಪ್ರಬಂಧದ ಹೆದರಿಕೆಯಲ್ಲಿ ಬೆಳಿಗ್ಗೆ ಎರಡು ಇಡ್ಲಿ ಮಾತ್ರ. ಪ್ರಬಂಧ ಓದಿ ಮುಗಿಸಿದಾಗ ಆಲೂರಿನಿಂದ ಬಂದಿದ್ದ ಗ್ರಂಥಪಾಲಕಿಯೊಬ್ಬರು ಎದ್ದು, ಅಕ್ಕಿ ಹಿಟ್ಟಿನ ಗೋಂದಿಗೆ ಹುಳು ಬರುವುದಿಲ್ಲವೇ ಎಂದು ಕೇಳಿದರು. ಬರುತ್ತದೆ, ಪಿಷ್ಟ ಎಲ್ಲಿದ್ದರೂ ಬರುತ್ತದೆ ಎಂದೆ. ಚಹಾ ವಿರಾಮದಲ್ಲಿ ಮಾತು ಗೋಂದಿನಿಂದ ಹಿಟ್ಟಿಗೆ, ಹಿಟ್ಟಿನಿಂದ ರೊಟ್ಟಿಗೆ ಹರಿಯಿತು. ನಾನು ಅಕ್ಕಿ ರೊಟ್ಟಿಯನ್ನು ಇನ್ನೂ ಸರಿಯಾಗಿ ತಿಂದಿಲ್ಲ ಎಂದು ಬಾಯಿ ಬಿಟ್ಟಿದ್ದೇ ತಡ, 'ಸಂಜೆ ನಮ್ಮ ಮನೆಗೆ ಬನ್ನಿ, ಅರ್ಧ ಗಂಟೆಯ ದಾರಿ' ಎಂದು ಕೈ ಹಿಡಿದುಕೊಂಡರು. ಬೇಡ ಎನ್ನುವ ಸೌಜನ್ಯ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ.

ಅವರ ಮನೆಯಲ್ಲಿ ಗ್ಯಾಸ್ ಇದೆ, ಆದರೆ ಮಳೆಗಾಲದಲ್ಲಿ ಹಿತ್ತಲ ಕಡೆಯ ಸೌದೆ ಒಲೆಯನ್ನೂ ಹಚ್ಚುತ್ತಾರೆ. ಬಟ್ಟೆ ಒಣಗಲು ಅದೇ ಗತಿ. ಅವರ ಅತ್ತೆ ರೊಟ್ಟಿಗೆ ಕುಳಿತರು. ನಾನು ಬೆಂಗಳೂರಿನಲ್ಲಿ ಒಮ್ಮೆ ತಿಂದಿದ್ದ ಅಕ್ಕಿ ರೊಟ್ಟಿ ಎಂದರೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಎಲ್ಲ ಕಲಸಿ ಬಾಣಲೆಗೆ ತಟ್ಟಿದ್ದು. ಇದರಲ್ಲಿ ಏನೂ ಇಲ್ಲ, ಅಕ್ಕಿ ಮತ್ತು ಉಪ್ಪು. ಕುದಿನೀರಿನಲ್ಲಿ ಬೇಯಿಸಿದ ಹಿಟ್ಟನ್ನು ನಾದಿ ನಾದಿ ಬೆಣ್ಣೆಯಂತೆ ಮಾಡಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಬದಿ ತೋರಿಸಿ, ಆಮೇಲೆ ಕೆಂಡದ ಮೇಲೆ ಎಸೆದರು. ಅದು ಉಸಿರೆಳೆದುಕೊಂಡು ಉಬ್ಬಿತು. ನಾನೂ ರೊಟ್ಟಿ ಬಡಿಯುವ ಮನೆಯವಳೇ. ಆ ಉಬ್ಬು ಹರಿಯದೆ ಬರಬೇಕಾದರೆ ಕೈ ಎಷ್ಟು ವರ್ಷ ಪಳಗಿರಬೇಕೆಂದು ಬಲ್ಲೆ. ಸುಮ್ಮನೆ ನೋಡುತ್ತ ಕುಳಿತೆ.

ಜೊತೆಗೆ ಕಳಲೆ ಪಲ್ಯ. ಮೂರು ದಿನ ನೆನೆಸಿದ್ದೇ ಎಂದು ಕೇಳಿಯೇ ಕೈ ಹಾಕಿದೆ, ಹೇಮಾವತಿ ದಂಡೆಯವರ ಮಾತು ನೆನಪಿತ್ತು. ಅತ್ತೆ ನಕ್ಕು, 'ಸೊಸೆಯ ಗೆಳತಿಯನ್ನು ಕೊಂದರೆ ಪುಸ್ತಕ ಅಂಟಿಸುವವರು ಯಾರು?' ಎಂದರು. ಕಳಲೆಗೆ ಒಂದು ವಿಚಿತ್ರ ಘಮವಿದೆ. ಮೊದಲ ತುತ್ತಿಗೆ ಹಿಂಜರಿದೆ, ಎರಡನೆಯದಕ್ಕೆ ಒಪ್ಪಿದೆ, ಮೂರನೆಯ ಸಲ ನಾನೇ ಬಡಿಸಿಕೊಂಡೆ.

ಆಮೇಲೆ ತಟ್ಟೆಯ ಅಂಚಿಗೆ ಒಂದು ಕಪ್ಪು ಚಟ್ನಿ ಇಟ್ಟರು. ಹುಚ್ಚೆಳ್ಳು ಎಂದರು. ಹೆಸರು ಕೇಳಿಯೇ ಹಿಗ್ಗಿದೆ, ಎಂದೂ ತಿನ್ನದ್ದು ಕೊನೆಗೂ ಸಿಕ್ಕಿತು ಎಂದು. ಬಾಯಿಗಿಟ್ಟರೆ ಏನು? ನಮ್ಮ ಗುರೆಳ್ಳು! ಪ್ರತಿದಿನ ರೊಟ್ಟಿಯ ಜೊತೆ ನಂಚಿಕೊಳ್ಳುವ, ನನ್ನ ಚೀಲದಲ್ಲಿಯೂ ಒಂದು ಡಬ್ಬಿ ತುಂಬ ಇದ್ದ ಗುರೆಳ್ಳು ಹಿಂಡಿ. ಡಬ್ಬಿ ತೆಗೆದು ಅವರ ಮುಂದಿಟ್ಟೆ. ಅತ್ತೆ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, 'ಬೆಳ್ಳುಳ್ಳಿ ಜಾಸ್ತಿ, ಕಾಯಿ ಇಲ್ಲ' ಎಂದು ತೀರ್ಪು ಕೊಟ್ಟರು. ಖಡಕ್ ರೊಟ್ಟಿಯನ್ನೂ ಕೊಟ್ಟೆ. ಅದನ್ನು ಹಪ್ಪಳವೆಂದು ತಿಳಿದು ಎಣ್ಣೆ ಕಾಯಿಸಲು ಎದ್ದರು. ಹೊರಗೆ ಮಳೆ. ಕೊನೆಯ ಬಸ್ಸಿಗೆ ನನ್ನನ್ನು ಹತ್ತಿಸುವಾಗ ಆ ಗ್ರಂಥಪಾಲಕಿ, 'ನಾಳಿದ್ದು ಕಚೇರಿಯಿಂದ ಊಟದ ಭತ್ಯೆಗೆ ರಸೀದಿ ಕೇಳಿದರೆ ಏನು ಕೊಡುತ್ತೀರಿ?' ಎಂದು ಕೇಳಿದರು. ಕಚೇರಿಯಲ್ಲಿ ನಿಜಕ್ಕೂ ಕೇಳಿದರು, ಕೊಡಲು ನನ್ನ ಬಳಿ ಇಡ್ಲಿ, ದೋಸೆಯ ಚೀಟಿಗಳು ಮಾತ್ರ ಇದ್ದವು.

ಮೂರನೆಯ ದಿನದ್ದು ಸೋಲಿನ ಕಥೆ. ಹಿಂದಿನ ರಾತ್ರಿ ತಡವಾಗಿ ಮಲಗಿದವಳು ಮೊದಲ ಬಸ್ ತಪ್ಪಿಸಿಕೊಂಡೆ. ಮುಂದಿನದು ಮಳೆಯಲ್ಲಿ ತೆವಳಿ ಸಕಲೇಶಪುರ ಮುಟ್ಟಿದಾಗ ಹತ್ತೂವರೆ. ಹೇಮಾವತಿ ದಂಡೆಯವರು ಹೇಳಿಟ್ಟಿದ್ದ ಮೆಸ್‌ನವರು ನನಗಾಗಿ ನಾಲ್ಕು ಕಡುಬು ಎತ್ತಿಟ್ಟಿದ್ದರಂತೆ. 'ಒಂಬತ್ತೂವರೆಯವರೆಗೆ ಕಾದೆವು, ಬಿಸಿ ಆರಿದ್ದನ್ನು ಅತಿಥಿಗೆ ಕೊಡುವುದಿಲ್ಲ, ಹುಡುಗರಿಗೆ ಕೊಟ್ಟುಬಿಟ್ಟೆವು' ಎಂದರು. ಜಗಳವಾಡಲು ನನ್ನಲ್ಲಿ ಕಾರಣವೇ ಇರಲಿಲ್ಲ. ಬೆಲ್ಲದ ಕಾಫಿ ಕೊಟ್ಟರು. ಏಳು ಬೀಜದವರೇ, ನೆನೆದು ಬಂದು ಕುಡಿಯಬೇಕು ಎಂದಿರಲ್ಲ, ಸೀರೆಯ ಅಂಚು ಹಿಂಡಿ ಕುಡಿದೆ. ಎರಡು ಲೋಟ. ಪುಡಿಯನ್ನು ಹಾಸನದಲ್ಲಿ ಎಂಬತ್ತು ಇಪ್ಪತ್ತರ ಲೆಕ್ಕದಲ್ಲಿ ತಂದೆ. ಮನೆಯವರು ಅದನ್ನು ಚಹಾದಂತೆ ಹಾಲಿನಲ್ಲಿ ಹಾಕಿ ಕುದಿಸಿದರು. ನಿಮ್ಮ ಮುಗಿದ ಕೈಗೆ ಬೆಲೆ ಸಿಗಲಿಲ್ಲ, ಕ್ಷಮಿಸಿ.

ಊರಿಗೆ ಬಂದ ಮೇಲೆ ನಮ್ಮ ಅತ್ತೆ ಎಂದಿನಂತೆ ಕೇಳಿದರು, ಏನು ಉಂಡೆ ಎಂದು. ಈ ಸಲ ಒಂದು ಗಂಟೆ ಹೇಳಿದೆ. ಎಲ್ಲ ಕೇಳಿ, 'ಗುರೆಳ್ಳು ತಿನ್ನಲು ಅಷ್ಟು ದೂರ ಹೋಗಬೇಕಿತ್ತೇ?' ಎಂದರು. ಆದರೆ ಮರುದಿನ ಹಿಂಡಿ ಕುಟ್ಟುವಾಗ ಒಣಕೊಬ್ಬರಿಯ ಒಂದು ಹೋಳು ಹಾಕಿದ್ದನ್ನು ನಾನು ನೋಡಿದೆ.

ಕಡುಬಿನ ಬಾಕಿ ಹಾಗೆಯೇ ಉಳಿದಿದೆ. ಡಿಸೆಂಬರ್‌ನಲ್ಲಿ ನಾಲ್ಕು ದಿನ ರಜೆ ಇದೆ, ಅತ್ತೆಯೂ ಬರುತ್ತೇನೆ ಎನ್ನುತ್ತಿದ್ದಾರೆ. ಚಳಿಗಾಲದಲ್ಲಿ ಕಡುಬಿನ ಜೊತೆ ಏನು ಕೊಡುತ್ತಾರೆ?

ಹೇಮಾವತಿ ದಂಡೆ, ಸಕಲೇಶಪುರ

ಅಕ್ಕ, ಡಿಸೆಂಬರ್‌ನಲ್ಲಿ ಕಳಲೆ ಇರುವುದಿಲ್ಲ, ಅವರೆಕಾಯಿ ಇರುತ್ತದೆ. ಹಿತಕಿದವರೆ ಸಾರು ಮಾಡಿಸುತ್ತೇನೆ. ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆಯಬೇಕು, ಅತ್ತೆಯವರನ್ನು ಆ ಕೆಲಸಕ್ಕೆ ಕೂರಿಸೋಣ. ಮೆಸ್‌ನವರಿಗೆ ಹೇಳಿದ್ದೇನೆ. ಅವರು ಹೇಳಿದ್ದು ಒಂದೇ ಮಾತು: ಹಿಂದಿನ ರಾತ್ರಿ ಸಕಲೇಶಪುರದಲ್ಲೇ ಉಳಿಯಲಿ.